ಮತ್ತೆ ಒಂದರಿಂದ

ಆಸ್ಪತ್ರೆಯ ಲಾಂಡ್ರಿಗೆ ಎರಡು ಬದಿ. ಕೊಳೆ ಬದಿ ಒಂದು, ತೊಳೆದ ಬದಿ ಒಂದು. ನಡುವೆ ಗೋಡೆ, ಗೋಡೆಯೊಳಗೆ ಹೂತಿಟ್ಟ ಹಾಗೆ ನಾಲ್ಕು ಯಂತ್ರ. ಈ ಕಡೆಯ ಬಾಗಿಲಲ್ಲಿ ತುಂಬಿದ್ದು ಆ ಕಡೆಯ ಬಾಗಿಲಲ್ಲಿ ಬಿಸಿಬಿಸಿಯಾಗಿ ಹೊರಗೆ ಬರಬೇಕು. ಈ ಕಡೆಯವರು ಆ ಕಡೆ ಕಾಲಿಡುವ ಹಾಗಿಲ್ಲ. ಅವಳು ಹನ್ನೊಂದು ವರ್ಷದಿಂದ ಕೊಳೆ ಬದಿಯವಳು.

ಚೀಲ ಬಿಚ್ಚು, ಚಾದರ ಬೇರೆ ಮಾಡು, ಗೌನು ಬೇರೆ ಮಾಡು, ಜೇಬಿಗೆ ಕೈ ಹಾಕು. ಡಾಕ್ಟರುಗಳ ಜೇಬಲ್ಲಿ ಪೆನ್ನು, ಕತ್ತರಿ, ಅರ್ಧ ತಿಂದ ಬಿಸ್ಕತ್ತು. ಒಮ್ಮೆ ದಿಂಬಿನ ಚೀಲದಲ್ಲಿ ಇಡೀ ಹಲ್ಲಿನ ಸೆಟ್ಟೇ ಸಿಕ್ಕಿ, ಅದರ ಯಜಮಾನನನ್ನು ಹುಡುಕಿಕೊಂಡು ಎರಡು ವಾರ್ಡು ಅಲೆದಿದ್ದಳು. ಅರವತ್ತು ಕಿಲೋ ತುಂಬಿ ಬಾಗಿಲು ಜಡಿದರೆ ಒಳಗಿನ ಡ್ರಮ್ಮು ತಿರುಗಲು ಶುರು. ಹೌದು, ಅದಕ್ಕೂ ಡ್ರಮ್ಮು ಅಂತಲೇ ಹೆಸರು. ಕೆಲಸಕ್ಕೆ ಸೇರಿದ ದಿನ ಮೇಲ್ವಿಚಾರಕಿ, "ಇದು ಡ್ರಮ್ಮು, ಬೆರಳು ಹುಷಾರು" ಅಂದಾಗ ಅವಳಿಗೆ ನಗು ತಡೆಯಲಾಗಿರಲಿಲ್ಲ. ಯಾಕೆ ನಕ್ಕೆ ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆವತ್ತು ಮಂಗಳವಾರ ಬೆಳಿಗ್ಗೆ, ಕಿಟಕಿ ಕಟ್ಟೆಯ ಮೇಲಿದ್ದ ರೇಡಿಯೋದಲ್ಲಿ ಒಬ್ಬ ಗಂಡಸು ಒದರುತ್ತಿದ್ದ.

"ನಲವತ್ತು ದಾಟಿದ ಎಲ್ಲಾ ಪುಂಡರಿಗೂ ಪುಂಡಿಯರಿಗೂ ನಮಸ್ಕಾರ! ಇವತ್ತಿನ ಹಾಡು ಯಾವ್ದು ಗೊತ್ತಾಯ್ತಾ? ಸುಳಿವು ಕೊಡ್ಲಾ? ಒಂದೂ... ಎರಡೂ... ಮೂ, ಮೂ, ಮೂ, ಮೂ..."

ಹಿಂದಿನಿಂದ ರೆಕಾರ್ಡ್ ಮಾಡಿಟ್ಟ ನಗು. ಹೋ ಅಂತ.

ಪಕ್ಕದ ಮೇಜಿನವಳು, ಚಾದರ ವಿಂಗಡಿಸುವವಳು, ಎಲ್ಲರೂ ಚಾದರದಕ್ಕ ಅಂತ ಕರೆಯುವ ಹೆಂಗಸು, ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದಳು. "ಅಯ್ಯೋ, ಈ ಹಾಡು ಕಣ್ರೇ! ನಾನು ಕ್ಯಾಸೆಟ್ಟು ಸವೆಸಿಬಿಟ್ಟಿದ್ದೆ. ನಮ್ಮಪ್ಪ ಟೇಪ್‌ರೆಕಾರ್ಡರ್ ಎತ್ತಿ ಕುಕ್ಕಿದ್ರು. ಮೂ, ಮೂ, ಮೂರು!" ಅಂದು ಸೊಂಟ ಕುಣಿಸಿದಳು. ಪಾಳಿಯ ಉಳಿದ ಇಬ್ಬರೂ ಕೂಗಿದರು, "ಮೂ, ಮೂ, ಮೂರು!"

ಆಮೇಲೆ ಹಾಡು ಬಂತು. ಬಾಗಿಲು ಒದಿ, ಬಾಗಿಲು ಒದಿ, ಒಳಗಿರೋರಿಗೆ ಕೇಳ್ಲಿ. ಇತ್ತ ಚೀಲ ಬಿಚ್ಚುತ್ತಿದ್ದ ಅವಳ ಬಲಗಾಲು ರಬ್ಬರ್ ಬೂಟಿನೊಳಗೆ ತಾನಾಗಿಯೇ ನೆಲ ಕುಟ್ಟತೊಡಗಿತು. ಪಾಪಿ ಕಾಲು. ಮೂವತ್ತು ವರ್ಷ ಆದರೂ ಮರೆತಿಲ್ಲ. ಯಾಕೆಂದರೆ ಆ ಕ್ಯಾಸೆಟ್ಟಿನಲ್ಲಿ ಡ್ರಮ್ ಬಾರಿಸಿದ್ದು ಇದೇ ಕಾಲು, ಇದೇ ಕೈ. ಆಗ ಅವಳಿಗೆ ಹದಿನೈದು. ಬ್ಯಾಂಡಿನವರು ಅವಳನ್ನು ಬಡಿಗೆ ಅಂತ ಕರೆಯುತ್ತಿದ್ದರು. ಮೂ, ಮೂ ಅಂತ ಎಣಿಸಿದ್ದು ಅವಳ ಅಣ್ಣ. ಈಗ ರೇಡಿಯೋದಲ್ಲಿ ಅಣ್ಣನನ್ನು ಅಣಕಿಸಿದವನು ಅದೇ ಬ್ಯಾಂಡಿನ ಹಾಡುಗಾರ, ಆಗಲೂ ಈಗಲೂ ಅವನ ಹೆಸರು ಗಂಟಲು.

"ಈ ಎಣಿಸಿದ ಪುಣ್ಯಾತ್ಮ ಈಗೇನ್ ಮಾಡ್ತಿದಾನೆ ಗೊತ್ತಾ?" ಹಾಡು ಮುಗಿದ ಮೇಲೆ ಗಂಟಲು ಅಂದ. "ಬಾಗಿಲು ಒದಿ ಅಂತ ಬರೆದವನು ಈಗ ಬೀಗ ರಿಪೇರಿ ಮಾಡ್ತಿದಾನೆ ಸ್ವಾಮಿ!" ಮತ್ತೆ ಹೋ ಅಂತ ನಗು. "ಇದೇ ತಿಂಗಳ ಕೊನೇ ಭಾನುವಾರ ಸಂಜೆ ನಾಲ್ಕಕ್ಕೆ ಟೌನ್‌ಹಾಲ್. ಯಾಕೆ ನಾಲ್ಕಕ್ಕೆ ಅಂದ್ರೆ, ನಮ್ಮ ವಯಸ್ಸಿಗೆ ಒಂಬತ್ತಕ್ಕೆ ನಿದ್ದೆ ಬರುತ್ತೆ. ನಾವು ನಾಲ್ಕೂ ಜನ, ಹೌದು, ನಮ್ಮ ಬಡಿಗೆನೂ ಸೇರಿ, ಮತ್ತೆ ವೇದಿಕೆ ಮೇಲೆ!"

ನಮ್ಮ ಬಡಿಗೆಯಂತೆ. ಕೇಳಿದವರು ಯಾರು, ಒಪ್ಪಿದವರು ಯಾರು?

ಅವಳು ಹೋಗಿ ರೇಡಿಯೋದ ವೈರು ಕಿತ್ತಳು.

"ಏನಾಯ್ತೇ ನಿಂಗೆ? ಇನ್ನೊಂದು ಹಾಡು ಬರ್ತಿತ್ತು" ಅಂದಳು ಚಾದರದಕ್ಕ.

"ಬಂದ್ರೆ ಬಂತು. ಮೂರನೇ ಮಷಿನ್ನು ತುಂಬಿಲ್ಲ, ತುಂಬು."

ಅವಳ ಮುಖ ನೋಡಿ ಚಾದರದಕ್ಕ ಮೂರನೇ ಮಷಿನ್ನಿನ ಬಾಗಿಲು ತೆರೆದಳು.

ಆ ಮೂ, ಮೂ ಎಲ್ಲಿಂದ ಬಂತು ಅನ್ನುವುದು ಊರಿಗೆಲ್ಲ ಗೊತ್ತಿರಲಿಲ್ಲ. ಊರು ಅದನ್ನು ಸ್ಟೈಲು ಅಂದುಕೊಂಡಿತ್ತು. ಬೇರೆ ಬ್ಯಾಂಡಿನ ಹುಡುಗರೂ ಹಾಗೇ ಎಣಿಸಲು ಶುರು ಮಾಡಿದ್ದರು. ಆದರೆ ಬ್ಯಾಂಡಿನ ನಾಲ್ವರಿಗೆ ಗೊತ್ತಿತ್ತು. ಅಣ್ಣನಿಗೆ ಚಿಕ್ಕಂದಿನಿಂದ ಮಾತು ತಡವರಿಸುತ್ತಿತ್ತು. ಅದರಲ್ಲೂ 'ಮ' ಬಂತೆಂದರೆ ಮುಗಿಯಿತು, ಬಾಯಿಯಲ್ಲೇ ಚಿಲಕ ಬಿದ್ದ ಹಾಗೆ. ಗ್ರಹಚಾರಕ್ಕೆ ಶಾಲೆಯಲ್ಲಿ ಅವನ ಹಾಜರಿ ನಂಬರು ಮೂವತ್ತಮೂರು. ಗಣಿತದ ಮೇಷ್ಟ್ರು ದಿನಾ ಬೆಳಿಗ್ಗೆ ನಂಬರು ಹೇಳಿಸುತ್ತಿದ್ದರು. ಹೇಳಲಾಗದಿದ್ದರೆ ಆಚೆ. ಬಾಗಿಲು ಹಾಕಿಕೊಂಡು, "ಮೂವತ್ತಮೂರು ಅಂದು ಒಳಗೆ ಬಾ" ಅನ್ನುತ್ತಿದ್ದರು. ಒಳಗೆ ನಲವತ್ತು ಹುಡುಗರ ನಗು. ಹೊರಗೆ ಅಣ್ಣ, ಎರಡು ವರ್ಷ, ಆ ಬಾಗಿಲಿನ ಬೀಗದ ಕಣ್ಣನ್ನೇ ನೋಡುತ್ತಾ. ಅವನು ಬೀಗದ ಕೆಲಸ ಕಲಿತದ್ದು ಎಲ್ಲಿ ಅಂತ ಯಾರಾದರೂ ಕೇಳಿದರೆ ಅವಳು ಹೇಳುವುದು ಅದನ್ನೇ. ಬಾಗಿಲು ಒದಿ ಬರೆದದ್ದೂ ಅಲ್ಲೇ ನಿಂತು, ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ.

ಹಾಡು ರೆಕಾರ್ಡ್ ಮಾಡಿದ್ದು ಒಂದು ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಕೋಣೆಯಲ್ಲಿ. ಪಂಪು ಕೆಟ್ಟಿದ್ದ ದಿನ ನೋಡಿಕೊಂಡು ಹೋಗಿದ್ದರು, ಇಲ್ಲದಿದ್ದರೆ ಅದರ ಗುರ್ರ್ ಕೂಡ ಹಾಡಿಗೆ ಸೇರುತ್ತಿತ್ತು. ಅವಳ ಎದುರು ಒಂದು ನಿಜವಾದ ಸ್ನೇರ್ ಡ್ರಮ್ಮು, ಉಳಿದದ್ದು ಬಣ್ಣದ ಡಬ್ಬಿ. ಇದ್ದದ್ದು ಒಂದೇ ಖಾಲಿ ಕ್ಯಾಸೆಟ್ಟು. ಹಾಡಿಗೆ ಮುಂಚೆ ತಾಳಕ್ಕಾಗಿ ನಾಲ್ಕರ ತನಕ ಎಣಿಸುವುದು ಬೇಸ್ ಗಿಟಾರಿನವನ ಕೆಲಸ, ಅಂದರೆ ಅಣ್ಣನದ್ದು. ಒಂದು ಅಂದ, ಎರಡು ಅಂದ, ಮೂರಿಗೆ ಬಂದು ಸಿಕ್ಕಿಬಿದ್ದ. ಮೂ... ಕ್ಯಾಸೆಟ್ಟು ತಿರುಗುತ್ತಿತ್ತು. ಅವಳಿಗೆ ದಿಗಿಲಾಯಿತು. ಅವನ ಮೂ ಒಂದಕ್ಕೆ ಸ್ನೇರ್ ಮೇಲೆ ಟಕ್ ಅಂತ ಒಂದು ಕೊಟ್ಟಳು. ಇನ್ನೊಂದು ಮೂ, ಇನ್ನೊಂದು ಟಕ್. ಮೂರು, ನಾಲ್ಕು, ಹಾಡು ಶುರುವಾಗೇಬಿಟ್ಟಿತು. ಮುಗಿದಾಗ ಗಂಟಲು ಕುಣಿದಾಡಿದ್ದ, "ಬಡಿಗೆ, ನೀನು ದೇವತೆ ಕಣೇ! ಆ ಟಕ್ ಟಕ್ ಇಲ್ದಿದ್ರೆ ಎಕ್ಕುಟ್ಟೋಗ್ತಿತ್ತು!"

ಅಣ್ಣನನ್ನು ಪಾರು ಮಾಡಿದೆ ಅಂತಲೇ ಅವಳು ಮೂವತ್ತು ವರ್ಷ ನಂಬಿಕೊಂಡು ಬಂದಿದ್ದಳು.

*

ಅಣ್ಣನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗೆ. ಬೀರುವಿಗಿಂತ ಒಂದು ಗೇಣು ದೊಡ್ಡದು. ಗೋಡೆ ತುಂಬಾ ಮೊಳೆ, ಮೊಳೆ ತುಂಬಾ ಹಲ್ಲು ಮೂಡದ ಕೀಲಿಕೈ. ಬಂದವರು ಕೀಲಿಕೈ ಕೌಂಟರಿನ ಮೇಲಿಡುತ್ತಾರೆ, ಒಂದು ಬೆರಳೋ ಎರಡು ಬೆರಳೋ ತೋರಿಸುತ್ತಾರೆ, ಅಣ್ಣ ಗಡಿಯಾರದ ಕಡೆ ಕೈ ಮಾಡುತ್ತಾನೆ. ಮಾತು ಬೇಕಾಗಿಯೇ ಇಲ್ಲ. ಪಾಳಿ ಮುಗಿಸಿ, ಸೋಪಿನ ವಾಸನೆ ಹೊತ್ತುಕೊಂಡು ಅವಳು ನುಗ್ಗಿದಾಗ ಅವನು ಯಂತ್ರದಲ್ಲಿ ಕೀಲಿಕೈ ಕೊರೆಯುತ್ತಿದ್ದ.

"ರೇಡಿಯೋ ಕೇಳಿದ್ಯಾ?"

ಕೇಳಿದೆ ಅಂತ ತಲೆಯಾಡಿಸಿದ.

"ಕೇಳಿಯೂ ತಣ್ಣಗೆ ಕೂತಿದೀಯಲ್ಲ ಮಾರಾಯ! ಅವನ ಮೈಕು ಅವನ ಗಂಟಲಿಗೇ ತುರುಕ್ತೀನಿ ನಾನು. ಬೀಗ ರಿಪೇರಿಯಂತೆ, ಹಲ್ಲು ಕಿರಿಯೋದು ನೋಡ್ಬೇಕು. ಇವನ ಮನೆ ಬೀಗ ಕೆಟ್ರೆ ಯಾರ ಕಾಲು ಹಿಡೀತಾನಂತೆ?"

"ನಾ... ನಾನು ಒ... ಒ..."

"ಒಪ್ಪಲ್ಲ ಅಂತ ತಾನೇ? ನಂಗೊತ್ತು. ನೀನು ಒಪ್ಪಿದ್ರೂ ನಾನು ಬಿಡಲ್ಲ."

ಅಣ್ಣ ಯಂತ್ರ ನಿಲ್ಲಿಸಿದ. ಕೀಲಿಕೈ ಮೇಲಿನ ಪುಡಿ ಊದಿದ.

"ಒಪ್ಪಿದೀನಿ" ಅಂದ.

ಅವಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. "ತಲೆ ಕೆಟ್ಟಿದ್ಯಾ ಅಣ್ಣ? ಅವನು ನಿನ್ನ ಕರೀತಿರೋದು ಕೋಡಂಗಿ ಆಡಿಸೋಕೆ. ನೀನು ಮೈಕಿನ ಮುಂದೆ ನಿಲ್ಲು, ಸಿಕ್ಕಿಹಾಕ್ಕೋ, ಹಾಲಿಗೆ ಹಾಲೇ ನಗ್ಲಿ ಅಂತ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

"ಗೊ... ಗೊ..."

"ಗೊತ್ತಿದ್ದೂ ಯಾಕೆ..."

ಅಣ್ಣ ಅಂಗೈಯಿಂದ ಕೌಂಟರಿಗೆ ಹೊಡೆದ. ಮೊಳೆಗಳ ಮೇಲಿನ ಕೀಲಿಕೈಗಳೆಲ್ಲ ಝಲ್ಲೆಂದವು. ಅವನು ಹಾಗೆ ಹೊಡೆದದ್ದನ್ನು ಅವಳು ಹುಟ್ಟಿದಾರಭ್ಯ ನೋಡಿರಲಿಲ್ಲ.

"ಮು... ಮುಗಿಸ್... ಬೇಡ. ನನ್ನ ಮಾ... ಮಾತು. ನೀನು. ಮುಗಿಸ್ಬೇಡ."

ಮೆಟ್ಟಿಲ ಮೇಲೆ ಯಾರೋ ದಡದಡ ಇಳಿದು ಹೋದರು.

ಅಣ್ಣ ಹೊಸ ಕೀಲಿಕೈ ಎತ್ತಿಕೊಂಡು ಕೌಂಟರಿನ ಗಾಜಿಗೆ ಎರಡು ಸಲ ಕುಟ್ಟಿದ. ಟಕ್. ಟಕ್.

"ಆವತ್ತು ನನ್ನ ಕೇಳಿದ್ಯಾ ಪುಟ್ಟಿ?"

"ಏನು ಕೇಳೋದು? ಕ್ಯಾಸೆಟ್ಟು ಹಾಳಾಗ್ತಿತ್ತು. ನಿನಗೋಸ್ಕರ..."

"ನಾನು ಮ... ಮತ್ತೆ ಹೇಳ್ತಿದ್ದೆ. ಒಂದರಿಂದ." ಅವನು ನಿಧಾನವಾಗಿ, ಒಂದೊಂದು ಮಾತನ್ನೂ ತೂಕ ಮಾಡಿ ಇಡುವವನ ಹಾಗೆ ಹೇಳಿದ. "ನೀನು ಬಿಡ್ಲಿಲ್ಲ. ಹಾಡು ಮಾಡಿಬಿಟ್ಟೆ. ಅವನು ಈಗ ನಗು ಮಾಡ್ತಾನೆ. ನೀನು ಆಗ ಹಾ... ಹಾಡು ಮಾಡ್ದೆ. ಇಬ್ರೂ ಕೇಳ್ಲಿಲ್ಲ."

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು, ಅದಕ್ಕೇ ಇನ್ನೂ ಜಾಸ್ತಿ. ಬ್ಯಾಂಕಿನಲ್ಲಿ ಅವನ ಪರವಾಗಿ ಮಾತಾಡಿದವಳು ಅವಳು. ಹೆಣ್ಣು ನೋಡಲು ಹೋದಾಗ ಮಾತಾಡಿದವಳು ಅವಳು, ಆ ಸಂಬಂಧ ಮುರಿದುಬಿದ್ದಾಗ ಜಗಳ ಆಡಿದವಳೂ ಅವಳೇ. ಶಾಲೆಯಲ್ಲಿ ಊಟದ ಬಿಡುವಿಗೆ ಆ ಬಾಗಿಲ ಹತ್ತಿರ ಹೋಗಿ ಅವನ ಪಕ್ಕ ನಿಂತವಳು ಇನ್ಯಾರು?

"ಆಯ್ತಪ್ಪ. ಇಷ್ಟು ವರ್ಷ ನಿನ್ನ ಹಿಂದೆ ನಿಂತಿದ್ದಕ್ಕೆ ಒಳ್ಳೇ ಬಹುಮಾನ ಕೊಟ್ಟೆ. ಹೋಗು, ಕುಣಿ ಅವನ ಜೊತೆ."

ಚೀಲ ಹೆಗಲಿಗೇರಿಸಿ ತಿರುಗಿದಳು. ಅವನು ಕರೆಯಲಿಲ್ಲ. ಮತ್ತೆ ಗಾಜಿಗೆ ಒಂದು ಸಲ ಕುಟ್ಟಿದ. ಅವಳು ನಿಂತಳು. ಹದಿನೈದರ ಅಭ್ಯಾಸ, ಅವನು ಕುಟ್ಟಿದರೆ ನಿಲ್ಲಲೇಬೇಕು.

"ನೀನೂ ಬಾ. ಬಾರಿಸು. ನೀನಿಲ್ದೆ ಆಗಲ್ಲ. ಆದ್ರೆ ಕೋಲು ಎತ್ತಿ ಹಿಡ್ಕೋ. ನಾನು ನಾಲ್ಕು ಅನ್ನೋವರೆಗೂ ಇಳಿಸ್ಬೇಡ. ಏನೇ ಆದ್ರೂ."

"ಎಷ್ಟು ಹೊತ್ತು ಹಿಡೀಲಿ?"

"ಎಷ್ಟು ಹೊತ್ತಾದ್ರೂ."

*

ಹೋಗುವುದಿಲ್ಲ ಅಂದುಕೊಂಡೇ ಅವಳು ಶೋಗೆ ಮುಂಚಿನ ಭಾನುವಾರ ಪ್ರಾಕ್ಟೀಸಿಗೆ ಹೋದಳು. ಜಾಗ, ಗಿಟಾರಿನವನ ಕ್ಲಿನಿಕ್ಕು. ಅವನೀಗ ಹಲ್ಲಿನ ಡಾಕ್ಟರು. ಕಾಯುವ ಕೋಣೆಯ ಕುರ್ಚಿಗಳನ್ನು ಗೋಡೆಗೆ ಒತ್ತಿ, ನಡುವೆ ಬಾಡಿಗೆಯ ಡ್ರಮ್ ಸೆಟ್ಟು ಇಟ್ಟಿದ್ದರು. ಗೋಡೆಯ ಮೇಲೆ ಒಂದು ದೊಡ್ಡ ದವಡೆ ಹಲ್ಲಿನ ಚಿತ್ರ, ಬೇರು ಸಮೇತ.

"ಬಡಿಗೇ!" ಗಂಟಲು ಎರಡೂ ಕೈ ಚಾಚಿಕೊಂಡು ಬಂದ. ಹೊಟ್ಟೆ ಬಂದಿತ್ತು, ತಲೆಗೂದಲಿಗೆ ಕಪ್ಪು ಹಚ್ಚಿದ್ದ, ಕಿವಿಯಲ್ಲಿ ಹಳೇ ರಿಂಗು ಹಾಗೇ ಇತ್ತು. "ಒಂಚೂರೂ ಬದಲಾಗಿಲ್ಲ ಕಣೇ ನೀನು!"

"ನೀನೂ ಅಷ್ಟೇ. ಆಗ್ಲೂ ಕೇಳದೆ ನನ್ನ ಹೆಸರು ಹೇಳ್ತಿದ್ದೆ, ಈಗ್ಲೂ ಹೇಳ್ತೀಯ."

"ಅಯ್ಯೋ, ಕೇಳಿದ್ರೆ ನೀನು ಬರ್ತಿದ್ಯಾ? ನಿನ್ನ ಕೋಪ ಗೊತ್ತಿಲ್ವಾ ನಂಗೆ?" ಅವನು ನಗುತ್ತಲೇ ಒಂದು ರಟ್ಟಿನ ಪೆಟ್ಟಿಗೆ ತೆರೆದ. ಕಪ್ಪು ಟೀ ಶರ್ಟುಗಳು. ಎದೆಯ ಮೇಲೆ ದಪ್ಪ ಬಿಳಿ ಅಕ್ಷರ. ಮೂ ಮೂ ಮೂರು. "ಹೆಂಗಿದೆ? ಮುನ್ನೂರು ಆಗ್ಲೇ ಖಾಲಿ!"

ಅವಳು ಆ ಅಕ್ಷರದ ಮೇಲೆ ಬೆರಳಿಟ್ಟಳು.

"ಇದು ಏನು ಅಂತ ನೆನಪಿದ್ಯಾ ನಿಂಗೆ?"

"ನೆನಪಿಲ್ದೆ ಏನು? ನಮ್ಮ ಹಾಡು!"

"ಹಾಡಲ್ಲ. ನೀನೂ ಅದೇ ಕ್ಲಾಸಲ್ಲಿ ಕೂತಿದ್ದೆ. ಬಾಗಿಲ ಒಳಗೆ. ನಗ್ತಿದ್ದೆ."

ಹಲ್ಲಿನ ಡಾಕ್ಟರು ಗಿಟಾರಿನ ತಂತಿ ಬಿಗಿ ಮಾಡುವುದನ್ನು ನಿಲ್ಲಿಸಿ, ದವಡೆ ಚಿತ್ರ ಇದೇ ಮೊದಲು ಕಂಡವನ ಹಾಗೆ ನೋಡತೊಡಗಿದ. ಗಂಟಲಿನ ಮುಖ ಒಂದು ಗಳಿಗೆ ಸಪ್ಪೆಯಾಯಿತು.

"ಎಲ್ಲರೂ ನಗ್ತಿದ್ರು ಬಡಿಗೆ. ಹುಡುಗರಲ್ವಾ? ಅವೆಲ್ಲ ಈಗ್ಯಾಕೆ ಕೆದಕ್ತೀಯ? ಆ ದಿನಗಳು ಎಷ್ಟು ಚೆನ್ನಾಗಿದ್ವು ಅಂತ ಜನ ಬರ್ತಾರೆ. ಪ್ರೀತಿ ಕಣೇ ಅದು. ಅವನಿಗೇ ಬೇಜಾರಿಲ್ಲ, ನಿಂದೇನು ಮಧ್ಯ? ಕೇಳು ಬೇಕಿದ್ರೆ!"

ಎಲ್ಲರೂ ಅಣ್ಣನ ಕಡೆ ನೋಡಿದರು. ಅಣ್ಣ ಒಂದು ಟೀ ಶರ್ಟು ಎತ್ತಿಕೊಂಡು, ಅಕ್ಷರ ಒಳಗಾಗುವ ಹಾಗೆ ನೀಟಾಗಿ ಮಡಚಿ, ಅವಳ ಕೈಗೆ ಕೊಟ್ಟ. ಬೇಸ್ ಗಿಟಾರು ಹೆಗಲಿಗೆ ಹಾಕಿಕೊಂಡ.

ಎಣಿಕೆಯಿಲ್ಲದೆ ಪ್ರಾಕ್ಟೀಸು ಮಾಡಿದರು. ಎಣಿಕೆ ಆ ದಿನಕ್ಕೇ ಅಂತ ಅಣ್ಣ ಬೆರಳಿನಲ್ಲೇ ಸನ್ನೆ ಮಾಡಿದ್ದ. "ಅದೇ ಸರಿ, ಫ್ರೆಶ್ ಆಗಿರುತ್ತೆ" ಅಂದ ಗಂಟಲು. "ನೀನು ಮೂರಲ್ಲಿ ನಿಲ್ಲು, ಬಡಿಗೆ ಟಕ್ ಟಕ್ ಕೊಡ್ತಾಳೆ, ಜನ ಕೂಗ್ತಾರೆ, ನಾನು ಎಗರಿ ಬೀಳ್ತೀನಿ."

ಅವಳಿಗೆ ನಾಚಿಕೆಯಾಗಿದ್ದು ಇನ್ನೊಂದಕ್ಕೆ. ಬಾರಿಸಲು ಶುರು ಮಾಡಿದ ಎರಡೇ ನಿಮಿಷಕ್ಕೆ ಮೈಯೆಲ್ಲ ಹದಿನೈದಾಯಿತು. ಚೀಲ ಎತ್ತಿ ಎತ್ತಿ ಗಟ್ಟಿಯಾದ ತೋಳು ಆಗಿನದಕ್ಕಿಂತ ಚೆನ್ನಾಗಿ ಓಡಿತು. ಅಣ್ಣನ ಬೇಸು ಅವಳ ಕಾಲಿನ ಜೊತೆ ಒಂದೇ ನೂಲಿಗೆ ಪೋಣಿಸಿದ ಹಾಗೆ ಬಂತು. ಅವನು ಇಷ್ಟು ವರ್ಷವೂ ನುಡಿಸುವುದನ್ನು ಬಿಟ್ಟಿರಲಿಲ್ಲ, ಬೆರಳು ಹೇಳುತ್ತಿತ್ತು. ಗಂಟಲಿನಂಥವನ ಜೊತೆ ಸೇರಿ ನಗುನಗುತ್ತಾ ಬಾರಿಸುತ್ತಿದ್ದೀನಲ್ಲ, ಈ ಸಂತೋಷಕ್ಕೆ ಮಾನ ಮರ್ಯಾದೆ ಒಂದೂ ಇಲ್ಲ ಅಂತ ತನ್ನನ್ನೇ ಬೈದುಕೊಂಡಳು. ಬೈದುಕೊಂಡಷ್ಟೂ ಜೋರಾಗಿ ಬಾರಿಸಿದಳು.

ಮನೆಗೆ ಬಂದು ಟೀ ಶರ್ಟನ್ನು ಮೂಲೆಗೆ ಎಸೆದಳು. ಹದಿನಾರರ ಮಗಳು ಓಡಿ ಬಂದು ಎತ್ತಿಕೊಂಡಳು. "ಅಮ್ಮಾ! ಇದು ಎಲ್ಲೂ ಸಿಗ್ತಿಲ್ಲ ಗೊತ್ತಾ? ನಮ್ಮ ಕ್ಲಾಸಲ್ಲಿ ಎಲ್ಲರೂ ಹಿಂಗೇ ಎಣಿಸೋದು. ಮೂ, ಮೂ..."

"ಬಾಯಿ ಮುಚ್ಚು!"

ಮಗಳು ಹೆದರಿ ನಿಂತಳು. ಅಮ್ಮ ಬೈಯುವುದು ಹೊಸದಲ್ಲ, ಆದರೆ ಈ ದನಿ ಹೊಸದು. ಅವಳು ಮಗಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಹೇಳಿದಳು. ಮೂವತ್ತಮೂರು, ಬಾಗಿಲು, ಬೀಗದ ಕಣ್ಣು. ಟಕ್ ಟಕ್ ಕೂಡ. ಅದನ್ನು ಹೇಳುವಾಗ ದನಿ ಸ್ವಲ್ಪ ಇಳಿಯಿತು.

ಮಗಳು ಟೀ ಶರ್ಟಿನ ಅಕ್ಷರದ ಮೇಲೆ ಬೆರಳಾಡಿಸುತ್ತಾ ಕೂತಳು. "ನಾನು ಮಾಮನ ಎದುರಿಗೇ ಒಂದು ಸಲ ಹಿಂಗೆ ಎಣಿಸಿದೀನಿ ಅಮ್ಮ. ಮಾಮ ಏನೂ ಅನ್ಲಿಲ್ಲ."

"ಅವನು ಯಾರಿಗೂ ಏನೂ ಅನ್ನಲ್ಲ."

"ಮತ್ತೆ ಯಾಕೆ ಒಪ್ಕೊಂಡ?"

"ಗೊತ್ತಿಲ್ಲ. ಕೋಲು ಎತ್ತಿ ಹಿಡ್ಕೋ ಅಂದಿದಾನೆ, ಅಷ್ಟೇ."

*

ಟೌನ್‌ಹಾಲು ತುಂಬಿ ತುಳುಕುತ್ತಿತ್ತು. ಸಂಜೆ ನಾಲ್ಕರ ಬಿಸಿಲು ಮೇಲಿನ ಕಿಟಕಿಗಳಿಂದ ಇಳಿದು ಬೋಳು ತಲೆಗಳ ಮೇಲೆ ಬೀಳುತ್ತಿತ್ತು. ಅರ್ಧಕ್ಕರ್ಧ ಜನ ಕಪ್ಪು ಟೀ ಶರ್ಟು ಏರಿಸಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದರು. ಚಾದರದಕ್ಕನೂ ಬಂದಿದ್ದಳು. ಡ್ರಮ್ಮಿನ ಹಿಂದೆ ಕೂತವಳನ್ನು ಕಂಡು ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮೊದಲ ಸಾಲಿನಲ್ಲಿ ಮಗಳು, ತನ್ನ ಮಾಮೂಲಿ ಹಳದಿ ಅಂಗಿಯಲ್ಲಿ.

ಗಂಟಲು ಕತೆ ಹೇಳಿದ, ನಗಿಸಿದ, ಟ್ಯಾಂಕಿನ ಕೋಣೆಯನ್ನು ವರ್ಣಿಸಿದ. ಶಾಲೆಯ ಬಾಗಿಲ ಸುದ್ದಿ ಎತ್ತಲಿಲ್ಲ. ಆಮೇಲೆ ಮೈಕಿನ ಕಂಬವನ್ನು ಅಣ್ಣನ ಮುಂದೆ ತಳ್ಳಿ, ಕೈ ಬೀಸಿದ. "ಎಲ್ಲರೂ ರೆಡಿನಾ?"

ಹಾಲು ಹೋ ಅಂದಿತು. ಅವಳು ಎರಡೂ ಕೋಲು ಎತ್ತಿ ಹಿಡಿದಳು.

"ಒಂದು" ಅಂದ ಅಣ್ಣ. "ಎರಡು. ಮೂ..."

"ಮೂ! ಮೂ! ಮೂರು!" ಐನೂರು ಬಾಯಿ ಒಟ್ಟಿಗೆ. ನಗು. ಶಿಳ್ಳೆ. ಗಂಟಲು ಎಗರಲು ಮೊಣಕಾಲು ಬಗ್ಗಿಸಿದ್ದ.

ಅಣ್ಣ ನಿಲ್ಲಿಸಿದ. ಗಲಾಟೆ ಇಳಿಯುವ ತನಕ ಸುಮ್ಮನೆ ನಿಂತ. ಆಮೇಲೆ ಮೈಕಿಗೆ ಬಾಗಿ, ಅದೇ ದನಿಯಲ್ಲಿ,

"ಒಂದು" ಅಂದ.

ಜನಕ್ಕೆ ಇದೂ ತಮಾಷೆ ಅನ್ನಿಸಿತು. "ಎರಡು. ಮೂ..." ಮತ್ತೆ ಹೋ ಅಂತ ಕೂಗಿ ಮುಗಿಸಿದರು.

"ಒಂದು."

ಅವಳಿಗೆ ಆಗ ತಿಳಿಯಿತು. ಅವನು ಇದಕ್ಕೇ ಒಪ್ಪಿದ್ದು. ಆ ಕ್ಯಾಸೆಟ್ಟಿನಲ್ಲಿ ಮಾಡಬೇಕಾಗಿದ್ದನ್ನು ಮಾಡಲು ಬಂದಿದ್ದಾನೆ. ಯಾರು ಮುಗಿಸಿಕೊಟ್ಟರೂ ಅವನು ತೆಗೆದುಕೊಳ್ಳುವುದಿಲ್ಲ. ಮತ್ತೆ ಒಂದರಿಂದ. ಬೆಳಗಾಗುವ ತನಕ ನಿಲ್ಲಿಸಿದರೂ ಒಂದರಿಂದಲೇ.

ನಾಲ್ಕನೇ ಸಲ ಕೂಗು ಚದುರಿತು. ಐದನೇ ಸಲ ಹಿಂದಿನ ಸಾಲಿನ ನಾಲ್ಕೈದು ಜನ ಮಾತ್ರ ಕೂಗಿ, ತಮ್ಮ ದನಿ ತಮಗೇ ಕೇಳಿ ಅರ್ಧಕ್ಕೆ ನಿಲ್ಲಿಸಿದರು. ಗಂಟಲು ಹಲ್ಲು ಬಿಡುತ್ತಲೇ ಅಣ್ಣನ ಹತ್ತಿರ ಬಂದು, ಮೈಕಿಗೆ ಅಡ್ಡ ಬಾಯಿ ಹಾಕಿ, "ನಮ್ಮ ಹೀರೋಗೆ ಸ್ವಲ್ಪ ಸಹಾಯ ಮಾಡೋಣ್ವಾ? ಎಲ್ಲರೂ ನನ್ನ ಜೊತೆ, ಮೂರು!" ಅಂದ.

ಅಣ್ಣ ಅವನ ಎದೆಯ ಮೇಲೆ ಕೈಯಿಟ್ಟು ಅವನನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದ. ದಬ್ಬಲಿಲ್ಲ. ಬಾಗಿಲು ತಳ್ಳಿದ ಹಾಗೆ ಸರಿಸಿದ.

"ಒಂದು."

ಗಂಟಲು ಅವಳ ಕಡೆ ತಿರುಗಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ, "ಟಕ್ ಟಕ್ ಕೊಡೇ! ಶೋ ಹಾಳಾಗ್ತಿದೆ! ಕೊಡೇ ಬಡಿಗೆ!"

ಕೊಟ್ಟರೆ ಮುಗಿಯುತ್ತದೆ. ಎರಡೇ ಎರಡು. ಹಾಲು ನಿಟ್ಟುಸಿರು ಬಿಡುತ್ತದೆ, ಹಾಡು ಓಡುತ್ತದೆ, ಎಲ್ಲರೂ ಕುಣಿಯುತ್ತಾರೆ. ಅವಳ ತೋಳು ನಡುಗುತ್ತಿತ್ತು. ಅರವತ್ತು ಕಿಲೋ ತುಂಬುವ ತೋಳು, ಎರಡು ಕಡ್ಡಿಯಷ್ಟು ಕೋಲಿನ ಭಾರಕ್ಕೆ ನಡುಗುತ್ತಿತ್ತು. ಕೆಳಗೆ ಸ್ನೇರಿನ ಬಿಳಿ ಚರ್ಮ ಬಾ ಬಾ ಅಂತ ಕರೆಯುತ್ತಿತ್ತು. ಅವಳು ಗಂಟಲನ್ನು ನೋಡಿದಳು.

"ಮುಚ್ಕೊಂಡು ನಿಂತ್ಕೋ" ಅಂದಳು. ಮೈಕಿಲ್ಲದೆಯೂ ಅದು ಮೂರು ಸಾಲಿಗೆ ಕೇಳಿಸಿತು.

"ಎರಡು" ಅಂದ ಅಣ್ಣ.

ಹಾಲು ಮೌನವಾಗಿತ್ತು. ಗೌರವದ ಮೌನವಲ್ಲ ಅದು, ಸಿಕ್ಕಿಬಿದ್ದವರ ಮೌನ. ಕಪ್ಪು ಟೀ ಶರ್ಟಿನ ಒಬ್ಬ ಎದೆಯ ಮೇಲೆ ಕೈಕಟ್ಟಿ ಅಕ್ಷರ ಮುಚ್ಚಿಕೊಂಡ. ಶಾಲೆಯ ಆ ನಲವತ್ತು ಹುಡುಗರ ಪೈಕಿ ಎಷ್ಟು ಜನ ಅಲ್ಲಿದ್ದರೋ. ಚಾದರದಕ್ಕ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು.

"ಮೂ..."

ಅಣ್ಣನ ಕತ್ತಿನ ನರ ಉಬ್ಬಿತು. ದವಡೆ ಬಿಗಿಯಿತು. ಹಿಂದೆ ಇಂಥ ಹೊತ್ತಿನಲ್ಲೆಲ್ಲ ಅವಳ ನಾಲಿಗೆ ತಾನಾಗಿ ಮುಂದೆ ಹಾರುತ್ತಿತ್ತು. ಈಗ ಅದನ್ನು ಹಲ್ಲಿನಲ್ಲಿ ಹಿಡಿದಳು. ಬಾಗಿಲ ಹೊರಗೆ ಅವನ ಪಕ್ಕ ನಿಂತಾಗಲೂ ಅವಳು ಒಳಗಿನವರಿಗಾಗಿ ಅವಸರ ಪಡುತ್ತಿದ್ದಳೇ ಹೊರತು ಅವನಿಗಾಗಿ ಕಾದಿರಲಿಲ್ಲ. ಆ ಯೋಚನೆ ಬಂದಾಗ ಕಣ್ಣು ಉರಿಯಿತು. ಅಳುವಿನಿಂದಲ್ಲ. ಸಿಟ್ಟಿನಿಂದ. ಮೇಷ್ಟ್ರ ಮೇಲೆ, ಗಂಟಲಿನ ಮೇಲೆ, ಐನೂರು ಜನರ ಮೇಲೆ, ಟಕ್ ಟಕ್ ಅಂದ ಆ ಹದಿನೈದರ ಹುಡುಗಿಯ ಮೇಲೆ.

ಎಲ್ಲೋ ಒಂದು ಕುರ್ಚಿ ಕಿರ್ ಅಂದಿತು. ಮೊದಲ ಸಾಲಿನಲ್ಲಿ ಮಗಳು ಮಾಮನನ್ನೇ ನೋಡುತ್ತಾ, ತುಟಿ ಬಿಗಿದು, ಅಲುಗಾಡದೆ ಕೂತಿದ್ದಳು.

"ಮೂ... ಮೂ..."

ಕೋಲು ಮೇಲೇ ಇತ್ತು.

"...ಮೂರು."

ಅಣ್ಣ ತಿರುಗಿ ಅವಳನ್ನು ನೋಡಿದ. ಬೆವರಿನಲ್ಲಿ ತೊಯ್ದ ಮುಖ, ಅದರಲ್ಲಿ ಹದಿನೆಂಟರ ಆ ಬೆಂಕಿ ಒಂದಿಷ್ಟೂ ತಣಿದಿರಲಿಲ್ಲ.

"ನಾಲ್ಕು."

ಅವಳು ಕೋಲು ಇಳಿಸಿದಳು. ಬಾರಿಸಿದಳು ಅನ್ನುವುದಕ್ಕಿಂತ ಒದ್ದಳು ಅನ್ನಬೇಕು. ಅಣ್ಣನ ಬೇಸು ಅವಳ ಕಾಲಿನ ಜೊತೆಗೇ ನೆಲದಿಂದ ಎದ್ದು ಬಂತು. ಹಲ್ಲಿನ ಡಾಕ್ಟರು ಒಂದು ಸುತ್ತು ತಡವಾಗಿ ಸೇರಿಕೊಂಡ. ಹಾಡು ಎತ್ತಿಕೊಳ್ಳಬೇಕಾದ ಜಾಗ ಬಂತು, ಹೋಯಿತು. ಗಂಟಲು, ಅಣ್ಣ ಸರಿಸಿಟ್ಟ ಜಾಗದಲ್ಲೇ ನಿಂತಿದ್ದ.

ಅವನಿಗಾಗಿ ಯಾರೂ ಕಾಯಲಿಲ್ಲ.